ಎಲೆ ಬಾಡಿಸಿದ ಅಟ್ಟದಲ್ಲೀಗ ಅತಿಥಿಗಳ ನಿದ್ದೆ

ಕೂನೂರು, ಕೋಟಗಿರಿ ಕಡೆಯವರು ದೂರದಿಂದ ನೋಡಿದರೆ 'ಇದು ನಮ್ಮೂರ ಟೀ ಫ್ಯಾಕ್ಟರಿ ಥರಾನೇ ಇದೆಯಲ್ಲ' ಅಂದಾರು. ಸಾಲು ಸಾಲು ಕಿಟಕಿ, ಸುತ್ತ ತೋಟ, ಮೇಲೆ ಮಂಜು. ಒಳಗೆ ಹೋದರೆ ಮಾತ್ರ ಹೋಟೆಲ್!

ಶ್ರೀಲಂಕಾದ ನುವಾರ ಎಲಿಯ ಸಮೀಪ ಕಂದಪೊಲದಲ್ಲಿರುವ ಈ ಹೆದರ್‌ಸೆಟ್ ಫ್ಯಾಕ್ಟರಿ 1930ರ ದಶಕದ್ದು. ಯಂತ್ರಗಳು ನಿಂತ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಪಾಳುಬಿದ್ದಿತ್ತು. 1996ರಲ್ಲಿ ಹೋಟೆಲಾಗಿ ಬಾಗಿಲು ತೆರೆಯಿತು. ಹೊರಗಿನ ರೂಪ ಹಾಗೇ ಉಳಿಯಿತು. ಹಸಿ ಎಲೆ ಬಾಡಿಸುತ್ತಿದ್ದ ಮೇಲಿನ ಅಟ್ಟಗಳೇ ಕೋಣೆಗಳಾದವು. ಎಲೆಗೆ ಗಾಳಿ ಬೇಕಿತ್ತು, ಅದಕ್ಕೇ ಅಷ್ಟೊಂದು ಕಿಟಕಿ. ಈಗ ಅವುಗಳಿಂದ ತೋಟ ನೋಡುತ್ತಾ ಚಹಾ ಕುಡಿಯಬಹುದು. ಹಳೇ ಎಂಜಿನ್ನೂ ನೆಲಮಾಳಿಗೆಯಲ್ಲಿದೆ. ತಂಗಿದವರು ತಾವೇ ಎಲೆ ಕಿತ್ತು, ಪುಡಿಯಾಗುವುದನ್ನು ನೋಡಬಹುದು.

ಆ ಬೆಟ್ಟಗಳಿಗೂ ನೀಲಗಿರಿಗೂ ನಂಟಿದೆ. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ನಂತರ ಅಲ್ಲಿನ ತೋಟಗಳಿಂದ ಮರಳಿದ ಅನೇಕ ತಮಿಳು ಕುಟುಂಬಗಳು ನೀಲಗಿರಿಯ ಸರಕಾರಿ ಚಹಾ ತೋಟಗಳಲ್ಲಿ ನೆಲೆ ಕಂಡವು.

ಹಾಗಂತ ಮುಚ್ಚಿದ ಫ್ಯಾಕ್ಟರಿಗಳನ್ನೆಲ್ಲ ಹೋಟೆಲ್ ಮಾಡಿದರೆ ಆಯಿತೇ? ಹೋಟೆಲ್ ಕಟ್ಟಡವನ್ನು ಉಳಿಸುತ್ತೆ, ಒಂದಷ್ಟು ಜನಕ್ಕೆ ಕೆಲಸವನ್ನೂ ಕೊಡುತ್ತೆ. ಆದರೆ ಸಣ್ಣ ಬೆಳೆಗಾರನ ಎಲೆ ಕೊಳ್ಳೋದಿಲ್ಲ. ಕಿತ್ತ ಎಲೆ ಬೇಗ ಫ್ಯಾಕ್ಟರಿ ಸೇರದಿದ್ದರೆ ಕೆಟ್ಟಿತೇ. 1990ರ ದಶಕದ ಕೊನೆಯಲ್ಲಿ ಹಸಿ ಎಲೆಯ ಬೆಲೆ ಕುಸಿದಾಗ ನರಳಿದ ಬಡಗರ ಹಟ್ಟಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಂದಪೊಲದ ಕಟ್ಟಡಕ್ಕೆ ಮರುಜೀವ ಬಂದದ್ದು ಸಂತೋಷ. ನೀಲಗಿರಿಗೆ ಬೇಕಾದದ್ದು ಮೊದಲು ಎಲೆ ಬಾಡಿಸುವ ಅಟ್ಟ.