ತೋಟಾದ ಲೆಕ್ಕ, ಬೇಲಿಯ ಲೆಕ್ಕ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಮಳೆ ಕಡಿಮೆಯಾದ, ಬಂಡೆಗುಡ್ಡಗಳು ಹೆಚ್ಚಾದ ಪ್ರದೇಶ. ಇಲ್ಲಿಯ ಕೆಮ್ಮಣ್ಣಿನ ಹೊಲಗಳಲ್ಲಿ ಮುಂಗಾರಿನಲ್ಲಿ ಬಿತ್ತಿದ ನೆಲಗಡಲೆ ಕಾಯಿಕಟ್ಟಿತೆಂದರೆ ಗುಡ್ಡದ ಕುರುಚಲಿನಿಂದ ಕಾಡುಹಂದಿಗಳು ಇಳಿದುಬರುತ್ತವೆ. ಅವು ತಿನ್ನುವುದಕ್ಕಿಂತ ಮೂತಿಯಿಂದ ಉತ್ತು ಕೆಡಿಸುವುದೇ ಹೆಚ್ಚು. ಕಾಯಿ ಬಲಿಯತೊಡಗಿದಂದಿನಿಂದ ಗಿಡ ಕೀಳುವವರೆಗೆ ಸುಮಾರು ಐವತ್ತು ರಾತ್ರಿ ರೈತನಿಗೆ ನಿದ್ದೆಯೆಂಬುದಿಲ್ಲ. ಇಂಥವನು ಬೆಳೆಯ ಕಾವಲಿಗೆಂದು ವ್ಯಯಿಸುವ ಒಂದು ರೂಪಾಯಿಗೆ ಎಷ್ಟು ಫಲ ದೊರೆತೀತು? ಕಾಲೇಜಿನ ವಿದ್ಯಾರ್ಥಿಗೆ ತಿಳಿದಿರುವ ಭೌತವಿಜ್ಞಾನ ಮತ್ತು ರೇಖಾಗಣಿತಗಳಿಂದಲೇ ಈ ಪ್ರಶ್ನೆಯನ್ನು ಬಹುಮಟ್ಟಿಗೆ ಬಿಡಿಸಬಹುದು.

ಮೊದಲು ಬಂದೂಕಿನ ಮಾತನ್ನು ತೆಗೆದುಕೊಳ್ಳೋಣ. ತೋಟಾ ಎಂದರೆ ಹಿತ್ತಾಳೆಯ ಒಂದು ಪುಟ್ಟ ಕೋಶ. ಅದರ ಬುಡದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಮದ್ದು ಉರಿದು ಅನಿಲವಾಗಿ ಹಿಗ್ಗಿ ಗುಂಡನ್ನು ನಳಿಗೆಯಿಂದ ಹೊರದೂಡುತ್ತದೆ. ಗುಂಡಿನ ಚಲನಶಕ್ತಿಯು ದ್ರವ್ಯರಾಶಿ ಮತ್ತು ವೇಗದ ವರ್ಗ ಇವುಗಳ ಗುಣಲಬ್ಧದ ಅರ್ಧ. ವೇಗವನ್ನು ಇಮ್ಮಡಿಸಿದರೆ ಶಕ್ತಿ ನಾಲ್ಮಡಿಯಾಗುವುದೆಂಬುದನ್ನು ಓದುಗರು ಬಲ್ಲರು. ಅಮೆರಿಕದಲ್ಲಿ ಹೊಲ ಹಾಳುಮಾಡುವ ಬಿಲವಾಸಿ ದಂಶಕಗಳನ್ನು ದೂರದಿಂದ ಹೊಡೆಯಲು ತಯಾರಾದ ತೋಟಾಗಳ ಚರಿತ್ರೆಯೆಲ್ಲ ಈ ವರ್ಗಸೂತ್ರದ ಬೆನ್ನುಹತ್ತಿದ ಚರಿತ್ರೆಯೇ. ೧೯೩೦ರ ಸುಮಾರಿಗೆ ಮಾರುಕಟ್ಟೆಗೆ ಬಂದ ಹಾರ್ನೆಟ್ ಎಂಬ ತೋಟಾ ಮೂರು ಗ್ರಾಮಿನೊಳಗಿನ ಗುಂಡನ್ನು ಸೆಕೆಂಡಿಗೆ ಸುಮಾರು ೮೨೦ ಮೀಟರ್ ವೇಗದಲ್ಲಿ ಎಸೆಯುತ್ತಿತ್ತು. ೧೯೩೫ರಲ್ಲಿ ಬಂದ ಸ್ವಿಫ್ಟ್ ಸರಿಸುಮಾರು ಅಷ್ಟೇ ತೂಕದ ಗುಂಡನ್ನು ೧,೨೫೦ ಮೀಟರ್ ವೇಗಕ್ಕೆ ಏರಿಸಿತು. ಶಕ್ತಿ ಸಾವಿರ ಜೂಲಿನ ಆಸುಪಾಸಿನಿಂದ ಸುಮಾರು ೨,೪೦೦ ಜೂಲಿಗೆ ಜಿಗಿಯಿತು.

ಇದರ ಬೆಲೆಯೇನು? ಶಕ್ತಿ ಎರಡೂವರೆ ಪಟ್ಟು ಹೆಚ್ಚಿದರೆ, ಉರಿಸಬೇಕಾದ ಮದ್ದು ಮೂರು ಪಟ್ಟಿಗೂ ಮಿಕ್ಕಿತು. ಅದೇ ಸಣ್ಣ ರಂಧ್ರದಲ್ಲಿ ಅಷ್ಟೊಂದು ಬಿಸಿ ಅನಿಲ ನುಗ್ಗುವುದರಿಂದ ನಳಿಗೆಯ ಒಳಮೈ ಬೇಗನೆ ಸವೆಯುವುದೆಂಬ ಅಪಕೀರ್ತಿಯೂ ಸ್ವಿಫ್ಟಿಗೆ ಅಂಟಿಕೊಂಡಿತು. ಹಾಗಿದ್ದೂ ಜನ ಅದನ್ನೇಕೆ ಕೊಂಡರು? ದೂರಕ್ಕಾಗಿ. ಗುಂಡು ಹಾರುತ್ತಿರುವಾಗಲೂ ಭೂಮಿ ಅದನ್ನು ಕೆಳಕ್ಕೆಳೆಯುತ್ತಲೇ ಇರುತ್ತದೆ. ವಾಯುವಿನ ತಡೆಯನ್ನು ಬದಿಗಿಟ್ಟು ಗಣಿಸಿದರೆ, ೨೦೦ ಮೀಟರ್ ದೂರ ಹೋಗುವಷ್ಟರಲ್ಲಿ ಹಾರ್ನೆಟ್ಟಿನ ಗುಂಡು ೨೯ ಸೆಂಟಿಮೀಟರ್ ಇಳಿದರೆ ಸ್ವಿಫ್ಟಿನದು ಇಳಿಯುವುದು ೧೩ ಸೆಂಟಿಮೀಟರಿನಷ್ಟು ಮಾತ್ರ. ಬೆಕ್ಕಿನ ಗಾತ್ರದ ಪ್ರಾಣಿಗೆ ಗುರಿಯಿಡುವವನಿಗೆ ಈ ಅಂತರ ದೊಡ್ಡದು.

ಈಗ ಪಾವಗಡದ ಹೊಲಕ್ಕೆ ಬರೋಣ. ಇಲ್ಲಿ ಹಂದಿ ಬರುವುದು ಕಾರ್ಗತ್ತಲಲ್ಲಿ. ಕಾವಲಿನವನ ಟಾರ್ಚಿನ ಬೆಳಕಿಗೆ ಅದು ಸ್ಪಷ್ಟವಾಗಿ ಕಂಡರೆ ಮೂವತ್ತು ಮೀಟರ್ ದೂರದಲ್ಲಿ ಕಂಡೀತು. ಆ ದೂರಕ್ಕೆ ಅದೇ ಲೆಕ್ಕ ಹಾಕಿದರೆ ಎರಡು ಗುಂಡುಗಳ ಇಳಿತದ ವ್ಯತ್ಯಾಸ ನಾಲ್ಕು ಮಿಲಿಮೀಟರ್, ಎಂದರೆ ಒಂದು ಕಡಲೆಬೀಜದಷ್ಟೂ ಇಲ್ಲ! ಹೆಚ್ಚು ಹಣ ತೆತ್ತು ಕೊಂಡ ಸಾಮರ್ಥ್ಯ ಇಲ್ಲಿ ಬಳಕೆಗೇ ಬರುವುದಿಲ್ಲ. ಬಳಕೆಗೆ ಬಾರದಿರುವುದು ಮಾತ್ರವಲ್ಲ, ಅಪಾಯವೂ ಹೌದು. ಗುರಿ ತಪ್ಪಿದ ರೈಫಲಿನ ಗುಂಡು ಒಂದು ಮೈಲಿಯಾಚೆಗೂ ಹೋಗಬಲ್ಲದು, ಮುಂದಿನ ಹೊಲದಲ್ಲಿಯೂ ಒಬ್ಬ ಕಾವಲುಗಾರನಿದ್ದಾನೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಿನಲ್ಲಾದರೋ ಕೃಷ್ಣಮೃಗಗಳ ಹಿಂಡುಗಳೇ ಇವೆ. ೨೦೦೭ರಲ್ಲಿ ಆ ಬಯಲನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲೆಂದು ಘೋಷಿಸಲಾಯಿತು.

ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಿಬಿಡುವುದು ಲೇಸು. ೧೯೫೯ರ ಆಯುಧ ಕಾಯಿದೆ ಬೆಳೆರಕ್ಷಣೆಗೆಂದು ಹೆಸರಿಸಿರುವುದು ಬಾಯಿಯಿಂದ ಮದ್ದು ತುಂಬುವ ಹಳೆಯ ಬಗೆಯ ಕೋವಿಯನ್ನು, ರೈಫಲನ್ನಲ್ಲ. ಅದಕ್ಕೂ ಪರವಾನಗಿ ಬೇಕು. ಇನ್ನು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ, ಬೆಳೆ ಹಾಳುಮಾಡುತ್ತಿದ್ದರೂ ಕಾಡುಹಂದಿಯನ್ನು ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಕೊಲ್ಲುವಂತಿಲ್ಲ. ಕೊಂದರೂ ಬೆಳೆ ಉಳಿದೀತೆ? ಹೆಣ್ಣುಹಂದಿ ಒಂದು ಸೂಲಿಗೆ ನಾಲ್ಕಾರು ಮರಿ ಹಾಕುತ್ತದೆ. ಹಿಂಡಿನಲ್ಲಿ ಒಂದು ಬಿದ್ದಿತೆಂದು ಉಳಿದವು ನೆಲಗಡಲೆಯ ರುಚಿಯನ್ನು ಮರೆಯುವುದಿಲ್ಲ. ಆದುದರಿಂದ ಒಂದು ತೋಟಾಕ್ಕೆ ಎಷ್ಟು ಜೂಲ್ ಎಂದು ಅಳೆಯುವುದೇ ಇಲ್ಲಿ ಸಲ್ಲದ ಅಳತೆ. ಒಂದು ಎಕರೆಯನ್ನು ಐವತ್ತು ರಾತ್ರಿ ಕಾಯಲು ಎಷ್ಟು ಖರ್ಚು ಎಂಬುದು ಸಲ್ಲುವ ಅಳತೆ.

ಈ ಅಳತೆಗೆ ಸೌರವಿದ್ಯುತ್ತಿನ ಬೇಲಿಯನ್ನು ಒಡ್ಡಿ ನೋಡೋಣ. ಚಿಕ್ಕದೊಂದು ಸೌರಫಲಕ ಹಗಲಿನಲ್ಲಿ ಬ್ಯಾಟರಿಯನ್ನು ತುಂಬುತ್ತದೆ. ರಾತ್ರಿ ಒಂದು ಯಂತ್ರವು ಸುಮಾರು ಸೆಕೆಂಡಿಗೊಮ್ಮೆ ಕೆಲವು ಸಾವಿರ ವೋಲ್ಟಿನ ಮಿಡಿತವನ್ನು ತಂತಿಗೆ ಕಳುಹಿಸುತ್ತದೆ. ಅಂತರರಾಷ್ಟ್ರೀಯ ಮಾನಕವು ಒಂದು ಮಿಡಿತಕ್ಕೆ ಐದು ಜೂಲಿನ ಮಿತಿಯನ್ನು ಹಾಕಿದೆ. ಒಂದು ಸ್ವಿಫ್ಟ್ ಗುಂಡಿನ ಶಕ್ತಿಯಿಂದ ಇಂಥ ೪೮೦ ಮಿಡಿತಗಳಾಗುತ್ತವೆ, ಎಂದರೆ ಎಂಟು ನಿಮಿಷದ ಕಾವಲು. ಹತ್ತು ಗಂಟೆಯ ಇಡೀ ರಾತ್ರಿಗೆ ತಂತಿಗೆ ಹೋಗುವ ಶಕ್ತಿ ವಿದ್ಯುತ್ ಬಿಲ್ಲಿನ ಒಂದು ಯೂನಿಟ್ಟಿನ ಇಪ್ಪತ್ತರಲ್ಲೊಂದು ಭಾಗ ಮಾತ್ರ. ಮೂತಿಗೆ ಒಮ್ಮೆ ಚುರುಕು ಮುಟ್ಟಿದ ಹಂದಿ ಹಿಂದೆಗೆಯುತ್ತದೆ, ಸಾಯುವುದಿಲ್ಲ.

ಇಷ್ಟಕ್ಕೇ ಕೆಲವರು ಮನೆಯ ಅಥವಾ ಪಂಪುಸೆಟ್ಟಿನ ಕರೆಂಟನ್ನೇ ತಂತಿಗೆ ಕೊಟ್ಟುಬಿಡುವುದುಂಟು. ಸಾವಿರ ವೋಲ್ಟಿಗೆ ಸಾಯದ ಪ್ರಾಣಿ ಇನ್ನೂರ ಮೂವತ್ತಕ್ಕೆ ಸಾಯುವುದೆ ಎಂಬ ತರ್ಕ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಅದು ಪ್ರಾಣಾಂತಿಕವಾದ ತಪ್ಪು. ಬೇಲಿಯ ಯಂತ್ರದ ಮಿಡಿತವು ಸೆಕೆಂಡಿನ ಅತ್ಯಲ್ಪ ಭಾಗದಲ್ಲಿ ಮುಗಿದುಹೋಗುತ್ತದೆ, ಮುಂದಿನ ಮಿಡಿತದೊಳಗೆ ತಂತಿಯನ್ನು ಬಿಡಲು ಅವಕಾಶವಿದೆ. ೨೩೦ ವೋಲ್ಟಿನ ಪ್ರವಾಹವಾದರೋ ನಿಲ್ಲುವುದೇ ಇಲ್ಲ. ಒದ್ದೆ ನೆಲದಲ್ಲಿ ನಿಂತವನ ಮೈಯ ರೋಧ ಸಾವಿರ ಓಮ್ ಎಂದಿಟ್ಟುಕೊಂಡರೆ ಹರಿಯುವುದು ೦.೨೩ ಆಂಪಿಯರ್. ಹೃದಯದ ಬಡಿತ ಲಯತಪ್ಪಲು ಇದರ ಅರ್ಧವೂ ಸಾಕು. ಬೆರಳುಗಳು ಬಿಗಿದುಕೊಳ್ಳುವುದರಿಂದ ತಂತಿಯನ್ನು ಬಿಡಲೂ ಆಗದು. ರಾತ್ರಿ ಮೋಟಾರು ಹಾಕಲು ಹೊರಟ ನೆರೆಯವನಿಗೂ ಹಂದಿಗೂ ಆ ತಂತಿ ಭೇದವೆಣಿಸುವುದಿಲ್ಲ. ಇಂಥ ಬೇಲಿ ಎಲ್ಲಕ್ಕಿಂತ ಅಗ್ಗವೆಂದು ತೋರುವುದು ಸತ್ತವರನ್ನು ಲೆಕ್ಕಕ್ಕೆ ಹಿಡಿಯದಿರುವುದರಿಂದ.

ಸೌರಬೇಲಿಗೆ ಬೀಳುವ ಮುಖ್ಯ ಖರ್ಚು ಶಕ್ತಿಯದಲ್ಲ, ಉದ್ದದ್ದು. ಚೌಕಾಕಾರದ ಒಂದು ಎಕರೆಯ ಸುತ್ತಳತೆ ೨೫೪ ಮೀಟರ್. ನಾಲ್ಕು ಎಕರೆಯದು ಅದರ ನಾಲ್ಮಡಿಯಲ್ಲ, ಇಮ್ಮಡಿ. ನೂರು ಎಕರೆಯದು ಬರಿಯ ಹತ್ತು ಮಡಿ, ೨,೫೪೪ ಮೀಟರ್. ವಿಸ್ತೀರ್ಣ ಬಾಹುವಿನ ವರ್ಗದಂತೆಯೂ ಸುತ್ತಳತೆ ಬಾಹುವಿನಂತೆಯೂ ಬೆಳೆಯುವುದೇ ಇದಕ್ಕೆ ಕಾರಣ. ಒಬ್ಬೊಬ್ಬರೇ ಬೇಲಿ ಹಾಕಿದರೆ ಎಕರೆಗೆ ೨೫೪ ಮೀಟರ್ ಬೇಲಿ ಬೇಕು, ನೂರೆಕರೆಯವರು ಕೂಡಿ ಹಾಕಿದರೆ ೨೫ ಮೀಟರ್ ಸಾಕು. ತೋಟಾಗಳಲ್ಲಿ ವರ್ಗಸೂತ್ರ ಖರ್ಚನ್ನು ಏರಿಸಿತು, ಇಲ್ಲಿ ಅದೇ ವರ್ಗ ರೈತನ ಪಕ್ಷಕ್ಕೆ ಬಂದಿದೆ!

ತೊಡಕುಗಳಿಲ್ಲವೆಂದಲ್ಲ. ಬೇಲಿಗೆ ತಡೆಬಿದ್ದ ಹಂದಿ ಬೇಲಿಯಿಲ್ಲದ ಪಕ್ಕದ ಹೊಲಕ್ಕೆ ತಿರುಗುತ್ತದೆ. ಆದುದರಿಂದ ನಡುವೆ ಒಬ್ಬನನ್ನು ಹೊರಗಿಡುವುದು ಅನ್ಯಾಯ. ನಡುಭಾಗದ ಹೊಲದವನಿಗೆ ಒಂದು ಮೊಳ ತಂತಿಯೂ ತಗಲದೆ ಪೂರ್ಣ ರಕ್ಷಣೆ ದೊರೆಯುವುದರಿಂದ, ಹಣವನ್ನು ಅಂಚಿನ ಉದ್ದಕ್ಕೆ ಹಂಚದೆ ಎಕರೆಗೆ ಹಂಚಬೇಕೆಂಬುದು ನಮ್ಮ ಮತ. ಹಂದಿಯನ್ನು ತಡೆಯುವ ಕೆಳಗಿನ ತಂತಿ ನೆಲದಿಂದ ಗೇಣುದ್ದವಷ್ಟೇ ಮೇಲಿರಬೇಕಾದುದರಿಂದ ಮಳೆಗಾಲದ ಹುಲ್ಲು ಬೇಗನೆ ಅದನ್ನು ಮುಟ್ಟುತ್ತದೆ, ಮುಟ್ಟಿದಲ್ಲೆಲ್ಲ ಮಿಡಿತ ನೆಲಕ್ಕೆ ಸೋರಿಹೋಗುತ್ತದೆ. ಎರಡೂವರೆ ಕಿಲೋಮೀಟರ್ ಉದ್ದಕ್ಕೂ ವಾರಕ್ಕೊಮ್ಮೆಯಾದರೂ ಹುಲ್ಲು ಕೊಯ್ಯುವ ಸರದಿ ಯಾರದೆಂಬುದನ್ನು ಬಿತ್ತನೆಗೆ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು.