ಹಳೆಯ ಕೋಟೆಗೆ ಹೊಸ ಕೈ

ತಾತನ ಕಾಲದ ಮನೆಗೆ ಹೊಸ ಕೋಣೆಯೊಂದನ್ನು ಸೇರಿಸಬೇಕಾದಾಗ ಎರಡು ಬಗೆಯ ಸಲಹೆ ಕೇಳಿಬರುವುದುಂಟು. ಹಳೆಯದನ್ನು ಕೆಡವಿಬಿಡಿ ಎಂಬುದೊಂದು. ಹೊಸದನ್ನೂ ಹಳೆಯದರಂತೆಯೇ ಕಾಣಿಸಿ ಎಂಬುದು ಮತ್ತೊಂದು. ಮೂರನೆಯ ದಾರಿಯೂ ಒಂದುಂಟು. ಅದಕ್ಕೆ ಒಳ್ಳೆಯ ನಿದರ್ಶನ ಇಟಲಿ ದೇಶದ ವೆರೋನಾ ಪಟ್ಟಣದ ಕಾಸ್ಟೆಲ್‌ವೆಕ್ಕಿಯೋ ಕಲಾ ಸಂಗ್ರಹಾಲಯ. ಆ ಹೆಸರಿನ ಅರ್ಥವೇ 'ಹಳೆಯ ಕೋಟೆ'.

ಆದಿಜೆ ನದಿಯ ದಡದ ಈ ಕೋಟೆಯನ್ನು ಊರಿನ ಪ್ರಭು ಎರಡನೆಯ ಕಾಂಗ್ರಾಂದೆ ೧೩೫೪ರಲ್ಲಿ ಕಟ್ಟಿಸತೊಡಗಿದನು. ನೆಪೋಲಿಯನ್ನನ ಕಾಲದಲ್ಲಿ ಫ್ರೆಂಚರು ಅಂಗಳದ ಬದಿಗೆ ಸೈನಿಕರ ವಸತಿಯನ್ನು ಎಬ್ಬಿಸಿದರು. ೧೯೨೦ರ ದಶಕದಲ್ಲಿ ಕೋಟೆ ಸಂಗ್ರಹಾಲಯವಾದಾಗ, ಊರೊಳಗೆ ಕೆಡವಿದ್ದ ಪುರಾತನ ಅರಮನೆಯ ಕಮಾನು ಕಿಟಕಿಗಳನ್ನು ತಂದು ಆ ವಸತಿಯ ಮುಖಕ್ಕೆ ಜೋಡಿಸಿದರು. ದಂಡಿನ ಮನೆ ನೋಡುವವರ ಕಣ್ಣಿಗೆ ಅರಮನೆಯಾಯಿತು! ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದು ಕೋಟೆ ಜಖಂಗೊಂಡಿತು. ೧೯೪೫ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಅದರ ಸೇತುವೆಯನ್ನೂ ಸಿಡಿಸಿತು.

ಸುಮಾರು ೧೯೫೮ರಲ್ಲಿ ಇದರ ಜೀರ್ಣೋದ್ಧಾರಕ್ಕೆ ಕೈಹಾಕಿದವರು ವೆನಿಸ್ಸಿನ ವಾಸ್ತುಶಿಲ್ಪಿ ಕಾರ್ಲೋ ಸ್ಕಾರ್ಪಾ. ಅವರ ಮುಂದೆ ಮೊದಲು ನಿಂತ ಪ್ರಶ್ನೆ ಆ ಸುಳ್ಳು ಮುಖದ್ದೇ. ಕಿತ್ತರೆ ಒಂದು ಕಾಲದ ಗುರುತು ಅಳಿಯುತ್ತದೆ. ಇಟ್ಟರೆ ಸುಳ್ಳು ಉಳಿಯುತ್ತದೆ. ಅವರು ಅದನ್ನು ಇಟ್ಟರು. ಆದರೆ ಕಿಟಕಿಗಳ ಹೊಸ ಚೌಕಟ್ಟನ್ನೂ ಗಾಜನ್ನೂ ಕಮಾನುಗಳಿಗೆ ತಾಗಿಸದೆ ಹಿಂದಕ್ಕೆ ಸರಿಸಿ, ಬೇರೊಂದು ಲಯದಲ್ಲಿ ನಿಲ್ಲಿಸಿದರು. ಮುಂದಿನದು ಬರಿಯ ತೆರೆಯೆಂಬುದು ನೋಡುವವನಿಗೆ ತಾನಾಗಿಯೇ ಹೊಳೆಯುತ್ತದೆ.

ಒಳಗೂ ಇದೇ ನೀತಿ. ಹೊಸ ನೆಲ ಹಳೆಯ ಗೋಡೆಯನ್ನು ಮುಟ್ಟುವುದಿಲ್ಲ. ನಡುವೆ ಸಣ್ಣದೊಂದು ಬಿಡುವಿದೆ. ಅವರು ಕೆಡವಿದ್ದೂ ಉಂಟು. ಫ್ರೆಂಚರ ಕಟ್ಟಡದ ಒಂದು ತುದಿಯನ್ನು ತೆಗೆದು, ಪುರಾತನ ಊರಗೋಡೆ ಕಾಣುವಂತೆ ಮಾಡಿದರು. ಹಾಗೆ ತೆರವಾದ ಜಾಗದಲ್ಲಿ, ಎತ್ತರದ ಕಾಂಕ್ರೀಟು ಪೀಠದ ಮೇಲೆ, ಹದಿನಾಲ್ಕನೆಯ ಶತಮಾನದ ಶಿಲ್ಪವೊಂದನ್ನು ನಿಲ್ಲಿಸಿದರು. ಕುದುರೆಯ ಮೇಲೆ ಕುಳಿತು ಮುಗುಳ್ನಗುವ ಮೊದಲನೆಯ ಕಾಂಗ್ರಾಂದೆಯ ಮೂರ್ತಿ ಅದು. ಕೆಳಗಿನ ಅಂಗಳದಿಂದ ನೋಡಿದರೆ ದೂರದ ದೊರೆ. ಮೇಲಿನ ಸೇತುವೆಯಿಂದ ನೋಡಿದರೆ ಪಕ್ಕದ ನೆಂಟ! ೧೯೬೪ರ ಡಿಸೆಂಬರಿನಲ್ಲಿ ಸಂಗ್ರಹಾಲಯದ ಬಾಗಿಲು ಮತ್ತೆ ತೆರೆಯಿತು.

ಶಾಲೆಯಲ್ಲಿ ಓದಿದ ಸಂಧಿಪ್ರಕರಣವನ್ನು ನೆನೆಯಿರಿ. 'ಊರು', 'ಅಲ್ಲಿ' ಎಂಬವು ಕೂಡಿ 'ಊರಲ್ಲಿ' ಆದಾಗ ಒಂದು ಸ್ವರ ಲೋಪವಾಗುತ್ತದೆ. ಆದರೆ 'ಅಣ್ಣಾ, ಓಡಿ ಬಾ' ಎಂದು ಕೂಗಿದಾಗ ಎರಡು ಸ್ವರಗಳೂ ಅಕ್ಕಪಕ್ಕದಲ್ಲಿ ತಮ್ಮ ತಮ್ಮ ರೂಪದಲ್ಲೇ ನಿಲ್ಲುತ್ತವೆ. ಇದಕ್ಕೆ ಪ್ರಕೃತಿಭಾವವೆಂದು ಹೆಸರು. ಸ್ಕಾರ್ಪಾ ಅವರು ಕಲ್ಲಿನಲ್ಲಿ ಸಾಧಿಸಿದ್ದು ಇದನ್ನೇ.

ನಮ್ಮ ಊರುಗಳಲ್ಲಿಯೂ ಜೀರ್ಣೋದ್ಧಾರದ ಮಾತು ಆಗಾಗ ಬರುತ್ತದೆ. ಭಕ್ತಿ ದೊಡ್ಡದು, ಆದರೆ ಕೆತ್ತನೆಯ ಕಂಬಕ್ಕೆ ಬಣ್ಣ ಬಳಿದು, ಮುರಿದ ಕಲ್ಲನ್ನು ಸಿಮೆಂಟಿನಿಂದ ತಿದ್ದಿದರೆ, ಯಾವುದು ಶಿಲ್ಪಿಯ ಉಳಿಯ ಗುರುತು, ಯಾವುದು ನಿನ್ನೆಯ ಕರಣೆಯ ಗುರುತು ಎಂದು ಮೊಮ್ಮಕ್ಕಳು ಹೇಗೆ ತಿಳಿದಾರು? ಅಂಥ ಸಭೆಗೆ ನಿಮ್ಮನ್ನು ಕರೆದರೆ ತಪ್ಪದೆ ಹೋಗಿ. ಹೊಸ ಕಲ್ಲು ಹೊಸದಾಗಿಯೇ ಕಾಣಲಿ, ಹಳೆಯದಕ್ಕೆ ಉಸಿರಾಡಲು ಒಂದಿಷ್ಟು ಬಿಡುವಿರಲಿ ಎಂದು ಒಂದು ಮಾತು ಹೇಳಿಬನ್ನಿ.