ಒಡೆದು ಬಿಟ್ಟ ಮೊಟ್ಟೆ: ಮುದ್ದೆಯಿಂದ ಬೆನೆಡಿಕ್ಟ್‌ವರೆಗೆ

ಅಶೋಕಪುರಂ ಇರಲಿ, ಮಂಡ್ಯದ ಹಳ್ಳಿ ಇರಲಿ, ಈ ಸೀಮೆಯ ಮಾಂಸಾಹಾರಿ ಮನೆಗಳಲ್ಲಿ ಮೊಟ್ಟೆ ಸಾರು ಎಂದರೆ ಎರಡು ಬಗೆ. ಬೇಯಿಸಿ, ಸುಲಿದು ಹಾಕುವುದು ಒಂದು. ಕುದಿಯುವ ಸಾರಿಗೇ ಒಡೆದು ಬಿಡುವುದು ಇನ್ನೊಂದು. ಈ ಎರಡನೆಯದನ್ನು ಪಾಶ್ಚಾತ್ಯರು ‘ಪೋಚಿಂಗ್’ ಎನ್ನುತ್ತಾರೆ. ಅದನ್ನೇ ಬಿಸಿನೀರಿನಲ್ಲಿ ಮಾಡಿ, ಬನ್ನಿನ ಮೇಲಿಟ್ಟು, ಬೆಣ್ಣೆಯ ಸಾಸ್ ಸುರಿದರೆ ದೊಡ್ಡ ಹೋಟೆಲುಗಳ ‘ಎಗ್ಸ್ ಬೆನೆಡಿಕ್ಟ್’. ಬೆಲೆ ಬೇರೆ, ಮರ್ಯಾದೆ ಬೇರೆ. ವಿದ್ಯೆ ಮಾತ್ರ ಒಂದೇ.

ಬೆನೆಡಿಕ್ಟ್ ಹುಟ್ಟಿದ್ದು ನ್ಯೂಯಾರ್ಕ್‌ನಲ್ಲಿ. 1894ರಲ್ಲಿ ಲೆಮ್ಯುಯೆಲ್ ಬೆನೆಡಿಕ್ಟ್ ಎಂಬ ಷೇರು ದಲ್ಲಾಳಿ ಹಿಂದಿನ ರಾತ್ರಿಯ ಅಮಲು ಇಳಿಸಿಕೊಳ್ಳಲು ವಾಲ್ಡಾರ್ಫ್ ಹೋಟೆಲಿನಲ್ಲಿ ಇದನ್ನು ಮಾಡಿಸಿಕೊಂಡನೆಂದು 1942ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆ ಬರೆಯಿತು. ಡೆಲ್ಮೊನಿಕೊ ಹೋಟೆಲಿನವರ ಕತೆ ಬೇರೆ. ಅಲ್ಲಿನ ಬಾಣಸಿಗ ಚಾರ್ಲ್ಸ್ ರಾನ್‌ಹೋಫರ್ ಅದೇ 1894ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದರ ಪಾಕವಿಧಾನವಿದೆ. ನಮ್ಮ ಸಾರಿಗೆ ಇಂಥ ಪಿತೃತ್ವದ ಜಗಳವಿಲ್ಲ. ಅದನ್ನು ಮೊದಲು ಮಾಡಿದ ತಾಯಿಯ ಹೆಸರನ್ನು ಯಾರೂ ಬರೆದಿಡಲಿಲ್ಲ.

ಮೊಟ್ಟೆಯ ಬಿಳಿ ಸುಮಾರು 62 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟಲು ಆರಂಭಿಸಿ, 80ರ ಹೊತ್ತಿಗೆ ಗಟ್ಟಿಯಾಗುತ್ತದೆ. ಹಳದಿ 65ರಿಂದ 70ರೊಳಗೆ ಬಿಗಿಯುತ್ತದೆ. ಹಳದಿ ಒಳಗಿರುವುದರಿಂದ ಅದಕ್ಕೆ ಕಾವು ತಲುಪುವುದು ತಡ. ಈ ಅಂತರವೇ ಪೋಚಿಂಗಿನ ಗುಟ್ಟು. ನೀರು ಕೊತಕೊತ ಕುದಿಯಬಾರದು. ಕುದಿದರೆ ಬಿಳಿ ಚಿಂದಿಯಾಗುತ್ತದೆ. ಮೂರು ನಾಲ್ಕು ನಿಮಿಷ ಸಾಕು. ಒಂದು ಚಮಚ ವಿನಿಗರ್ ಹಾಕಿದರೆ ಬಿಳಿ ಬೇಗ ಹೆಪ್ಪುಗಟ್ಟುತ್ತದೆ. ಸಾರಿನಲ್ಲಿ ಆ ಕೆಲಸವನ್ನು ಟೊಮೆಟೊ, ಹುಣಸೆ ಮಾಡುತ್ತವೆ. ಕಾಯಿ, ಹುರಿಗಡಲೆ, ಧನಿಯ ಅರೆದು ಹಾಕಿದ ಮಂದ ಮಸಾಲೆ ಮೊಟ್ಟೆಯನ್ನು ತಳಕ್ಕೆ ಬಿಡದೆ ಹಿಡಿದುಕೊಳ್ಳುತ್ತದೆ. ಉರಿ ತಗ್ಗಿಸಿ, ಒಂದೊಂದಾಗಿ ಬಟ್ಟಲಿಗೆ ಒಡೆದು ಜಾರಿಸಿ, ಸೌಟು ಆಡಿಸದೆ ಮುಚ್ಚಿಡಬೇಕು. ಆತುರದವರ ಪಾಲಿಗೆ ಬರುವುದು ಬರೀ ಮೊಟ್ಟೆಯ ಎಳೆಗಳು.

ಮೊಟ್ಟೆ ತಾಜಾ ಇರಬೇಕೆಂಬುದು ಕೇವಲ ರುಚಿಯ ಮಾತಲ್ಲ. ದಿನ ಕಳೆದಂತೆ ಚಿಪ್ಪಿನ ಸಣ್ಣ ರಂಧ್ರಗಳಿಂದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಬಿಳಿ ನೀರಾಗುತ್ತದೆ. ಅದು ಪಾತ್ರೆಯಲ್ಲಿ ಹರಡಿಕೊಳ್ಳುತ್ತದೆ. ನೀರಿನಲ್ಲಿ ಮುಳುಗಿ ಅಡ್ಡ ಮಲಗಿದ ಮೊಟ್ಟೆ ಹೊಸದು, ನೆಟ್ಟಗೆ ನಿಂತದ್ದು ಹಳೆಯದು, ತೇಲಿದ್ದನ್ನು ಬಿಡುವುದೇ ಒಳ್ಳೆಯದು.

ಬೆನೆಡಿಕ್ಟ್‌ನ ಸಾಸ್ ‘ಹಾಲಂಡೇಸ್’ ಇನ್ನೂ ಸೂಕ್ಷ್ಮ. ಹಳದಿ, ನಿಂಬೆರಸ, ಕರಗಿಸಿದ ಬೆಣ್ಣೆ ಇಷ್ಟೇ ಸಾಮಗ್ರಿ. ಹಳದಿಯಲ್ಲಿರುವ ಲೆಸಿಥಿನ್ ಎಂಬ ಅಂಶ ಬೆಣ್ಣೆಯ ಹನಿಗಳನ್ನು ನೀರಿನಂಶದೊಡನೆ ಬೆಸೆಯುತ್ತದೆ. ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು, ಬೆಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತ ಕಡೆಯಬೇಕು. ಕಾವು ಹೆಚ್ಚಾದರೆ ಒಡೆಯುತ್ತದೆ.

ಈಗ ಇಟ್ಟುಕೊಳ್ಳುವ ಪ್ರಶ್ನೆ. ಅಪಾಯ ಇರುವುದು ಇಲ್ಲಿ. ಅರೆಬೆಂದ ಹಳದಿಯಲ್ಲಿ ಸಾಲ್ಮೊನೆಲ್ಲ ಎಂಬ ರೋಗಾಣು ಉಳಿದಿರಬಹುದು. ಐದರಿಂದ ಅರವತ್ತು ಡಿಗ್ರಿಯ ನಡುವಿನ ಬೆಚ್ಚಗಿನ ಸ್ಥಿತಿ ಇಂಥ ರೋಗಾಣುಗಳು ವೃದ್ಧಿಯಾಗಲು ಹೇಳಿ ಮಾಡಿಸಿದಂತಿದೆ. ಬೆಚ್ಚಗಿಟ್ಟ ಹಾಲಂಡೇಸ್ ಎರಡು ಗಂಟೆ ದಾಟಿದರೆ ಚೆಲ್ಲುವುದೇ ಲೇಸು. ಮಕ್ಕಳು, ಬಸುರಿಯರು, ವೃದ್ಧರಿಗೆ ಮೊಟ್ಟೆಯನ್ನು ಪೂರ್ತಿ ಬೇಯಿಸಿಯೇ ಕೊಡಬೇಕು. ಶಾಲೆಗಳ ಬಿಸಿಯೂಟದಲ್ಲಿ ಗಟ್ಟಿ ಬೇಯಿಸಿದ ಮೊಟ್ಟೆಯನ್ನೇ ಕೊಡುವುದಕ್ಕೆ ಈ ಲೆಕ್ಕದಲ್ಲೂ ಅರ್ಥವಿದೆ.

ಹೋಟೆಲಿನವರು ಪೋಚ್ ಮಾಡಿದ ಮೊಟ್ಟೆಗಳನ್ನು ಮುಂಚಿತವಾಗಿಯೇ ಸಿದ್ಧಪಡಿಸುವುದುಂಟು. ಬೆಂದ ಕೂಡಲೇ ಐಸ್ ನೀರಿಗೆ ಹಾಕಿ, ಮುಳುಗುವಷ್ಟು ತಣ್ಣೀರಿನಲ್ಲಿ ಫ್ರಿಜ್‌ನಲ್ಲಿಡುತ್ತಾರೆ. ಒಂದೆರಡು ದಿನ ತಾಳುತ್ತದೆ. ಬಡಿಸುವಾಗ ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದುತ್ತಾರೆ. ಫ್ರೀಜರ್‌ನಲ್ಲಿಟ್ಟರೆ ಬಿಳಿ ರಬ್ಬರಿನಂತಾಗುತ್ತದೆ.

ಸಾರಿನ ವಿಷಯದಲ್ಲಿ ದಾರಿ ಸುಲಭ. ರಾತ್ರಿ ಉಳಿದ ಮೊಟ್ಟೆಯನ್ನು ಬೆಳಿಗ್ಗೆ ಮತ್ತೆ ಕುದಿಸಿದರೆ ಹಳದಿಯ ಕಬ್ಬಿಣ ಮತ್ತು ಬಿಳಿಯ ಗಂಧಕ ಸೇರಿ ಹಸಿರು ಬಳೆ ಮೂಡುತ್ತದೆ. ತಿನ್ನಲು ತೊಂದರೆಯಿಲ್ಲ, ನೋಡಲು ಚೆನ್ನಲ್ಲ. ಅದಕ್ಕಿಂತ, ಬೇಕಾದಷ್ಟೇ ಮೊಟ್ಟೆ ಒಡೆದು, ಉಳಿಯುವ ಸಾರನ್ನು ಮೊದಲೇ ತೆಗೆದು ಆರಿಸಿ ಫ್ರಿಜ್‌ನಲ್ಲಿಡಿ. ಮರುದಿನ ಚೆನ್ನಾಗಿ ಕುದಿಸಿ, ಉರಿ ತಗ್ಗಿಸಿ, ಹೊಸ ಮೊಟ್ಟೆ ಬಿಡಿ. ರಾತ್ರಿಯೆಲ್ಲ ಮಾಗಿದ ಮಸಾಲೆಗೆ ಬಿಸಿ ಮುದ್ದೆಯೇ ಜೋಡಿ.